ಕೆನ್ನೆಚೀಲದ ಕೋತಿ, ಒಡಲೊಳಗೆ ಹೂಬಿಡುವ ಅತ್ತಿ

ಶಿವಾಜಿನಗರದ ರಸೆಲ್ ಮಾರ್ಕೆಟ್ಟು 1927ರ ಕಟ್ಟಡ. ಹಣ್ಣಿನ ಸಾಲಿನಲ್ಲಿ ಹಸಿ ಅಂಜೂರ ಬಂದಿತ್ತು. ‘ನೋಡಿ ಸಾರ್, ಒಳಗೆಲ್ಲ ಕೆಂಪು’ ಎನ್ನುತ್ತ ವ್ಯಾಪಾರಿ ಒಂದನ್ನು ಸೀಳಿ ಅಂಗೈಗಿಟ್ಟರು. ತಿರುಳಿನ ತುಂಬ ಒತ್ತೊತ್ತಾಗಿ ನಿಂತ ಎಳೆಗಳು. ಎಳೆ ಎಳೆಯೂ ಒಂದೊಂದು ಹೂವು! ಪಕ್ಕದಲ್ಲೇ ಮಲ್ಲಿಗೆಯನ್ನು ಮೊಳ ಹಾಕಿ ಮಾರುತ್ತಿದ್ದರೆ, ಇಲ್ಲಿ ನೂರಾರು ಹೂಗಳು ಹಣ್ಣಿನ ಹೆಸರಲ್ಲಿ ತಕ್ಕಡಿ ಏರುತ್ತಿದ್ದವು.

ತಲೆಯೆತ್ತಿದರೆ ಸಜ್ಜೆಯ ಮೇಲೊಂದು ಹೆಣ್ಣುಕೋತಿ. ನೆತ್ತಿಯಿಂದ ಸುತ್ತಲೂ ಹರಡಿದ ಕೂದಲೇ ಅದಕ್ಕೆ ಟೋಪಿ. ಬಾನೆಟ್ ಮಕಾಕ್ ಎನ್ನುವುದು ಅದಕ್ಕೇ. ಭಾರತದ ದಕ್ಷಿಣ ಭಾಗ ಬಿಟ್ಟರೆ ಇದು ಜಗತ್ತಿನಲ್ಲಿ ಬೇರೆಲ್ಲೂ ಹುಟ್ಟಿ ಬೆಳೆದದ್ದಲ್ಲ. ಸಿಕ್ಕ ಬಾಳೆಹಣ್ಣನ್ನು ಅಗಿಯದೆ ಗಬಗಬನೆ ಕೆನ್ನೆಗೆ ತುಂಬಿಕೊಂಡಿತು. ಆಮೇಲೆ ನಿಧಾನವಾಗಿ, ಮುಂಗೈಯ ಹಿಂಬದಿಯಿಂದ ಕೆನ್ನೆಯನ್ನು ಒತ್ತಿ ಒತ್ತಿ, ಒಂದೊಂದೇ ತುತ್ತು ಬಾಯಿಗೆ ತಂದುಕೊಂಡು ಮೆಲ್ಲತೊಡಗಿತು. ಎರಡು ಕೆನ್ನೆಚೀಲಗಳಲ್ಲಿ ಹೆಚ್ಚುಕಡಿಮೆ ಹೊಟ್ಟೆಯಷ್ಟೇ ಹಿಡಿಸುತ್ತದಂತೆ. ಮರ ತನ್ನ ಹೂವನ್ನೂ ಪ್ರಾಣಿ ತನ್ನ ಅನ್ನವನ್ನೂ ಒಳಗೇ ಬಚ್ಚಿಟ್ಟುಕೊಂಡದ್ದನ್ನು ಒಂದೇ ನೋಟದಲ್ಲಿ ಕಂಡು ದಂಗಾದೆ.

ಪೇಟೆಯ ಅಂಜೂರ ಕಡಜದ ನೆರವಿಲ್ಲದೆಯೂ ಹಣ್ಣಾಗುತ್ತದೆ. ಅದರ ದಾಯಾದಿ, ನಮ್ಮ ಅತ್ತಿಗೆ ಕಡಜ ಬೇಕೇ ಬೇಕು. ಹುಳವೆಂದು ನಾವು ಎಸೆಯುವ ಆ ಕಾಯಿಯೊಳಗೆ ಸಂಸಾರವೇ ನಡೆದಿರುತ್ತದೆ. ಸಾಸಿವೆಯಷ್ಟು ಪುಟ್ಟ ಹೆಣ್ಣುಕಡಜ ರೆಕ್ಕೆ ಕಳೆದುಕೊಂಡು ಒಳನುಗ್ಗಿ, ಪರಾಗ ಮುಟ್ಟಿಸಿ, ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮುಂದೆ ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಹೆಣ್ಣುಗಳು ಮಾತ್ರ ಪರಾಗ ಹೊತ್ತು ಹೊರಗೆ ಹಾರುತ್ತವೆ. ಕೋತಿಯ ಹಿಂಡಿನಲ್ಲಿ ಇದೇ ತಿರುಗುಮುರುಗು: ಹೆಣ್ಣು ತವರಲ್ಲೇ ಉಳಿಯುತ್ತದೆ, ಪ್ರಾಯಕ್ಕೆ ಬಂದ ಗಂಡು ಸಾಮಾನ್ಯವಾಗಿ ಬೇರೆ ಹಿಂಡು ಹುಡುಕಿ ಹೊರಡುತ್ತದೆ.

ಅಂಜೂರದ ಕುಲಕ್ಕೂ ಕಡಜಕ್ಕೂ ನಂಟು ಬೆಳೆದು ಸುಮಾರು 7.5 ಕೋಟಿ ವರ್ಷ. ಆಗ ಮಕಾಕ್ ಕೋತಿಗಳ ಸುಳಿವೂ ಇರಲಿಲ್ಲ. ಕಡಜದ ಸಂತತಿ ಉಳಿಯಬೇಕಾದರೆ ಒಂದಲ್ಲ ಒಂದು ಮರ ಕಾಯಿ ಬಿಡುತ್ತಲೇ ಇರಬೇಕು. ಅದರ ಫಲ ಕೋತಿಗೆ! ಬೇರೆ ಹಣ್ಣು ಸಿಗದ ದಿನಗಳಲ್ಲೂ ಎಲ್ಲೋ ಒಂದು ಅತ್ತಿ, ಆಲ, ಬಸರಿ ಮಾಗಿರುತ್ತದೆ. ಉಂಡ ಕೋತಿ ಬೀಜವನ್ನು ಹಿಕ್ಕೆಯಲ್ಲಿ ದೂರ ಒಯ್ಯುತ್ತದೆ.

ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ಈ ಕೋತಿ ಅಪಾಯಕ್ಕೆ ಒಡ್ಡಿಕೊಂಡ ಪ್ರಭೇದ. ರಸ್ತೆ ಅಗಲ ಮಾಡಲು ಒಂದು ಹಳೆಯ ಆಲವನ್ನೋ ಅತ್ತಿಯನ್ನೋ ಉರುಳಿಸಿದಾಗ ಹೋಗುವುದು ನೆರಳೊಂದೇ ಅಲ್ಲ, ಒಂದು ಹಿಂಡಿನ ಬರಗಾಲದ ಊಟವೂ ಹೋಗುತ್ತದೆ. ಅಂಥ ಹಿಂಡು ಮಾರ್ಕೆಟ್ಟಿನ ಸಜ್ಜೆಗೆ ಬಂದರೆ ಅದನ್ನು ಕಳ್ಳ ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.