ಹಳೆಯ ವಿದ್ಯಾರ್ಥಿಯ ದನಿ

ನಾಗರಬಾವಿಯ ರಾಷ್ಟ್ರೀಯ ಕಾನೂನು ಶಾಲೆಯ ಚರಿತ್ರೆ ಕಡತದಲ್ಲಿದೆ: 1988ರಲ್ಲಿ ಐದು ವರ್ಷದ ವ್ಯಾಸಂಗ ಆರಂಭ, ಮೊದಲ ನಿರ್ದೇಶಕರು ಮಾಧವ ಮೆನನ್, ಮೊದಲ ಪಾಠಗಳು ಸೆಂಟ್ರಲ್ ಕಾಲೇಜಿನ ಆವರಣದಲ್ಲಿ. ಆದರೆ ಇನ್ನೂ ಹೆಸರು ಮಾಡದ ಶಾಲೆಗೆ ಮಗನನ್ನು ಸೇರಿಸಿದ ತಂದೆಗೆ ಆ ರಾತ್ರಿ ನಿದ್ದೆ ಬಂದಿತೇ? ಕಡತ ಹೇಳಲಾರದು. ಹಳೆಯ ವಿದ್ಯಾರ್ಥಿಗಳ ಮಾತನ್ನು ಧ್ವನಿಮುದ್ರಿಸಿಡಬೇಕೆನ್ನುವವರು ಅದಕ್ಕೇ ನನಗೆ ಮೆಚ್ಚು. ಪೀಣ್ಯದಲ್ಲಿ ದುಡಿದವನು ನಾನು. ಕಾರ್ಖಾನೆ ಮುಚ್ಚಿದರೆ ಲೇತು ಗುಜರಿಗಾದರೂ ಹೋಗುತ್ತದೆ, ಮೇಸ್ತ್ರಿಯ ಮಾತು ಎಲ್ಲಿಗೂ ಹೋಗುವುದಿಲ್ಲ.

ನ್ಯಾಯಮೂರ್ತಿಗಳಾದವರನ್ನಷ್ಟೇ ಕೇಳಿದರೆ ಸಾಲದು. ಕರಿಕೋಟು ಕಳಚಿಟ್ಟು ಹೋದವರನ್ನೂ ಕೂರಿಸಿ ಕೇಳಬೇಕು. (ವಕೀಲರು ಫೀಜು ಕೇಳಿಯಾರು, ಕಾಫಿ ಕೊಟ್ಟರಾಯಿತು!) ಮೆನನ್ನರು 2019ರಲ್ಲಿ ತೀರಿಕೊಂಡರು. ಮೊದಲ ತಂಡದವರಿಗೆ ಐವತ್ತು ದಾಟಿದೆ. ಮೇಷ್ಟರಿಗೆ ಹೆದರಿದ ಕಥೆಯನ್ನು ನಕ್ಕು ಹೇಳುವ ವಯಸ್ಸು.