ಅಜ್ಜಿಯರ ನೆರಳಿನಲ್ಲಿ ಒಂದು ಊರು

ಆಫ್ರಿಕಾದ ಅನಾಥ ಮಕ್ಕಳು ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಪತ್ರಿಕೆಗಳಲ್ಲಿ ಕಂಡ ಒಂದೇ ಬಗೆಯ ಚಿತ್ರ. ಬಿರುಕು ಬಿಟ್ಟ ನೆಲ, ಖಾಲಿ ತಟ್ಟೆ, ಕೈ ಚಾಚಿದ ಮಗು. ಆ ಚಿತ್ರ ಸುಳ್ಳೆಂದು ಹೇಳಲಾಗದು. ಆದರೆ ಅಂಥದೇ ಒಣ ನೆಲದಲ್ಲಿ ಸಾವಿರ ಅನಾಥ ಮಕ್ಕಳಿಗೂ ನೂರು ಮಂದಿ ಅಜ್ಜ-ಅಜ್ಜಿಯರಿಗೂ ನೆಲೆಯಾಗಲೆಂದು ಕಟ್ಟಿದ ಒಂದು ಊರಿದೆ. ತನ್ನ ಅನ್ನವನ್ನು ತಾನೇ ಬೆಳೆಯಬೇಕು, ತನ್ನ ಖರ್ಚನ್ನು ತಾನೇ ದುಡಿಯಬೇಕು ಎಂಬ ಹಟದಿಂದ ಅದು ನಿಂತಿದೆ. ಪೂರ್ವ ಆಫ್ರಿಕಾದ ಕೀನ್ಯಾ ದೇಶದ ಆ ಊರಿನ ಹೆಸರು ನ್ಯುಂಬಾನಿ ಗ್ರಾಮ. ಸ್ವಾಹಿಲಿ ಭಾಷೆಯಲ್ಲಿ ನ್ಯುಂಬಾನಿ ಎಂದರೆ ಮನೆ.

ರಾಜಧಾನಿ ನೈರೋಬಿಯಿಂದ ಮೊಂಬಾಸಾ ಹೆದ್ದಾರಿಯಲ್ಲಿ ಹೊರಟು, ಸ್ವಲ್ಪ ದೂರ ಹೋಗಿ ಮಚಾಕೋಸ್ ಪಟ್ಟಣದ ಕಡೆಗೆ ಎಡಕ್ಕೆ ತಿರುಗಬೇಕು. ಮಚಾಕೋಸ್‌ನ ಬೆಟ್ಟಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಹೊಲಗಳು ಕಾಣುತ್ತವೆ. ಅವನ್ನು ದಾಟಿ ಪೂರ್ವಕ್ಕೆ ಇಳಿದಂತೆ ಹಸಿರು ತೆಳುವಾಗುತ್ತದೆ, ಮಣ್ಣು ಕೆಂಪಾಗುತ್ತದೆ, ಜಾಲಿಯ ಮುಳ್ಳುಗಿಡಗಳು ಹೆಚ್ಚುತ್ತವೆ. ಸೇತುವೆ ಬಂದಾಗ ಕೆಳಗೆ ಬಗ್ಗಿ ನೋಡಿದರೆ ನೀರಿಲ್ಲ, ಬರೀ ಮರಳು. ಕತ್ತೆಗಳ ಬೆನ್ನಿಗೆ ಹಳದಿ ಕ್ಯಾನ್‌ಗಳನ್ನು ಕಟ್ಟಿಕೊಂಡು ನೀರಿಗೆ ಹೋಗುವ ಹೆಂಗಸರು, ಮಕ್ಕಳು ದಾರಿಯುದ್ದಕ್ಕೂ ಸಿಗುತ್ತಾರೆ. ಇದು ಕಾಂಬಾ ಜನರ ನಾಡು. ಮರದ ಕೆತ್ತನೆಗೂ ಕತ್ತಾಳೆ ನಾರಿನ ಬುಟ್ಟಿಗೂ ಹೆಸರಾದವರು ಇವರು. ಇಲ್ಲಿನ ಕಿಟುಯಿ ಕೌಂಟಿಯ ಕ್ವಾ ವೊಂಜಾ ಎಂಬಲ್ಲಿ, ಸ್ಥಳೀಯ ಆಡಳಿತ ದಾನವಾಗಿ ಕೊಟ್ಟ ಸುಮಾರು 1000 ಎಕರೆ ಜಾಗದಲ್ಲಿ ನ್ಯುಂಬಾನಿ ಗ್ರಾಮವಿದೆ.

ನಡುವಿನ ತಲೆಮಾರು ಕಾಣೆಯಾದಾಗ

ಈ ಊರು ಏಕೆ ಹುಟ್ಟಿತು ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1990ರ ದಶಕದಲ್ಲಿ ಏಡ್ಸ್ ರೋಗ ಆಫ್ರಿಕಾದ ಹಳ್ಳಿ ಹಳ್ಳಿಗಳನ್ನು ಹೊಕ್ಕಿತು. 1999ರಲ್ಲಿ ಕೀನ್ಯಾ ಸರಕಾರ ಅದನ್ನು ರಾಷ್ಟ್ರೀಯ ವಿಪತ್ತು ಎಂದು ಘೋಷಿಸಿತು. 2003ರ ಹೊತ್ತಿಗೆ ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ ಈ ರೋಗದಿಂದ ತಂದೆಯನ್ನೋ ತಾಯಿಯನ್ನೋ ಇಬ್ಬರನ್ನೋ ಕಳೆದುಕೊಂಡ ಮಕ್ಕಳು 1 ಕೋಟಿ 20 ಲಕ್ಷಕ್ಕಿಂತ ಹೆಚ್ಚು ಎಂದು ವಿಶ್ವಸಂಸ್ಥೆಯ ವರದಿ ಅಂದಾಜು ಮಾಡಿತು.

ಈ ರೋಗ ಹೆಚ್ಚಾಗಿ ಕೊಂಡೊಯ್ದದ್ದು ದುಡಿಯುವ ಪ್ರಾಯದವರನ್ನು. ಉಳಿದದ್ದು ಎರಡು ತುದಿಗಳು: ಬೆನ್ನು ಬಾಗಿದ ಅಜ್ಜಿ, ಹಾಲು ಹಲ್ಲಿನ ಮೊಮ್ಮಕ್ಕಳು. ಮಗನನ್ನು, ಮಗಳನ್ನು, ಸೊಸೆಯನ್ನು ಮಣ್ಣು ಮಾಡಿ ಬಂದ ಮುದುಕಿಯ ಮಡಿಲಿಗೆ ನಾಲ್ಕೈದು ಮಕ್ಕಳು. ತನ್ನನ್ನು ಸಾಕಬೇಕಾಗಿದ್ದ ಕೈಗಳೇ ಇಲ್ಲವಾದಾಗ ಅವಳು ಯಾರನ್ನು ಸಾಕಿಯಾಳು?

ನೈರೋಬಿಯಲ್ಲಿದ್ದ ಏಂಜೆಲೊ ದಗೊಸ್ತಿನೊ ಎಂಬ ಕ್ರೈಸ್ತ ಪಾದ್ರಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. 1926ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಅವರು ವೈದ್ಯರೂ ಆಗಿದ್ದರು. ಎಚ್‌ಐವಿ ಸೋಂಕಿರುವ ಕೂಸುಗಳನ್ನು ಅನಾಥಾಲಯಗಳೂ ಸೇರಿಸಿಕೊಳ್ಳದಿದ್ದ ಕಾಲ ಅದು. ಅಂಥ ಮಕ್ಕಳಿಗಾಗಿಯೇ ಅವರು ಐರ್ಲೆಂಡಿನ ಸಿಸ್ಟರ್ ಮೇರಿ ಓವೆನ್ಸ್ ಜೊತೆ ಸೇರಿ 1992ರಲ್ಲಿ ನೈರೋಬಿಯಲ್ಲಿ ನ್ಯುಂಬಾನಿ ಎಂಬ ಮನೆ ತೆರೆದರು. ಔಷಧಿ ಕೈಗೆಟುಕದ ಆ ದಿನಗಳಲ್ಲಿ ಅಲ್ಲಿಗೆ ಬಂದ ಎಷ್ಟೋ ಮಕ್ಕಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಇಲ್ಲಿ ನಮ್ಮ ದೇಶದ ಒಂದು ನಂಟು ಬರುತ್ತದೆ. ಪಾಶ್ಚಾತ್ಯ ಕಂಪೆನಿಗಳ ಏಡ್ಸ್ ಔಷಧಿಗೆ ಒಬ್ಬ ರೋಗಿಗೆ ವರ್ಷಕ್ಕೆ 10,000 ಡಾಲರ್‌ಗೂ ಹೆಚ್ಚು ತಗಲುತ್ತಿದ್ದಾಗ, 2001ರ ಫೆಬ್ರವರಿಯಲ್ಲಿ ಮುಂಬೈಯ ಸಿಪ್ಲಾ ಕಂಪೆನಿಯ ಯೂಸುಫ್ ಹಮೀದ್ ಅದನ್ನು ಸೇವಾ ಸಂಸ್ಥೆಗೆ 350 ಡಾಲರ್‌ಗೆ ಕೊಡುವುದಾಗಿ ಹೇಳಿ ಜಗತ್ತನ್ನೇ ಬೆಚ್ಚಿಬೀಳಿಸಿದರು. ಅಂದರೆ ದಿನಕ್ಕೆ ಒಂದು ಡಾಲರ್‌ಗೂ ಕಡಿಮೆ. ಭಾರತದ ಈ ಅಗ್ಗದ ಔಷಧಿಯನ್ನು ತರಿಸಿಯೇ ತೀರುವೆನೆಂದು ದಗೊಸ್ತಿನೊ ಅದೇ ವರ್ಷ ಬಹಿರಂಗವಾಗಿ ಸಾರಿದರು. ಅಂಥ ಔಷಧಿಗಳ ಆಮದಿಗೆ ಅವಕಾಶ ಕೊಡುವ ಕಾನೂನನ್ನು ಕೀನ್ಯಾ ಸಂಸತ್ತು ಕೂಡ ಅದೇ ವರ್ಷ ಅಂಗೀಕರಿಸಿತು. ಸಾಯಲೆಂದೇ ಬಂದವರು ಎಂದುಕೊಂಡಿದ್ದ ಮಕ್ಕಳು ಬದುಕತೊಡಗಿದರು. ಬದುಕಿದ ಮಕ್ಕಳಿಗೆ ಶಾಲೆ ಬೇಕಲ್ಲವೇ? ಸೋಂಕಿದೆ ಎಂದು ಸರಕಾರಿ ಶಾಲೆಗಳು ಬಾಗಿಲು ಮುಚ್ಚಿದಾಗ ಸಂಸ್ಥೆ ನ್ಯಾಯಾಲಯದ ಮೆಟ್ಟಿಲು ಹತ್ತಿತು. 2004ರ ಜನವರಿಯಲ್ಲಿ ಸರಕಾರ ಮಣಿದು ಆ ಮಕ್ಕಳನ್ನು ಸೇರಿಸಿಕೊಳ್ಳಲು ಒಪ್ಪಿತು.

ಆದರೆ ಸೋಂಕಿಲ್ಲದೆಯೂ ತಬ್ಬಲಿಗಳಾದ ಹಳ್ಳಿಯ ಮಕ್ಕಳ ಸಂಖ್ಯೆ ಇದಕ್ಕಿಂತ ಎಷ್ಟೋ ದೊಡ್ಡದು. ಅವರಿಗಾಗಿಯೇ 2006ರಲ್ಲಿ ಕಿಟುಯಿಯ ಗ್ರಾಮ ಆರಂಭವಾಯಿತು. ಅದೇ ವರ್ಷದ ನವೆಂಬರಿನಲ್ಲಿ ದಗೊಸ್ತಿನೊ ತೀರಿಕೊಂಡರು.

ಬೀಬಿಯ ಮನೆ

ಅನಾಥಾಲಯ ಎಂದರೆ ಸಾಲು ಮಂಚಗಳು, ಗಂಟೆ ಬಾರಿಸಿದಾಗ ಊಟ, ಒಬ್ಬ ವಾರ್ಡನ್. ಈ ಗ್ರಾಮದಲ್ಲಿ ಹಾಗಿಲ್ಲ. ಒಂದೊಂದು ಪುಟ್ಟ ಮನೆಯಲ್ಲಿ ಒಬ್ಬ ಅಜ್ಜಿ, ಅವಳ ಸುತ್ತ ಹತ್ತರಷ್ಟು ಮಕ್ಕಳು. ಅಜ್ಜಿ ತನ್ನ ಸ್ವಂತ ಮೊಮ್ಮಕ್ಕಳನ್ನು ಕರೆತರುತ್ತಾಳೆ, ಅವರ ಜೊತೆಗೆ ಯಾರೂ ಇಲ್ಲದ ಬೇರೆ ಮಕ್ಕಳೂ ಸೇರುತ್ತಾರೆ. ಹೀಗೆ ಒಂದು ಕುಟುಂಬವಾಗುತ್ತದೆ. ನಾಲ್ಕು ಮನೆಗಳಿಗೆ ಒಂದು ಗುಂಪು. ಒಬ್ಬಳು ಹಾಸಿಗೆ ಹಿಡಿದರೂ ಪಕ್ಕದ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ.

ಸ್ವಾಹಿಲಿಯಲ್ಲಿ ಅಜ್ಜಿಗೆ ‘ಬೀಬಿ’ ಎನ್ನುತ್ತಾರೆ. ಅನಾಥ ಮಗುವಿಗೆ ‘ಯತೀಮಾ’, ದಾನಕ್ಕೆ ‘ಸದಕಾ’. ಅರಬ್ಬಿ ಸಮುದ್ರದ ಹಾಯಿಹಡಗುಗಳು ಶತಮಾನಗಳ ಕಾಲ ಆಚೆಗೂ ಈಚೆಗೂ ಓಡಾಡಿ ಬಿಟ್ಟುಹೋದ ಮಾತುಗಳಿವು. ಅಡುಗೆಮನೆಯಲ್ಲೂ ನಮಗೆ ಪರಿಚಯದ ವಾಸನೆಯೇ. ಚಹಾ ಅಲ್ಲಿಯೂ ‘ಚಾಯ್’, ಚಪಾತಿ ಅಲ್ಲಿಯೂ ಚಪಾತಿ, ಹಬ್ಬದ ದಿನದ ವಿಶೇಷ. ದಿನದ ಊಟ ‘ಉಗಾಲಿ’. ನಮ್ಮ ರಾಗಿಮುದ್ದೆಯ ಹಾಗೆಯೇ, ಆದರೆ ಬಿಳಿ ಮೆಕ್ಕೆಜೋಳದ ಹಿಟ್ಟಿನದು. ಅದಕ್ಕೆ ನಂಚಿಕೊಳ್ಳಲು ‘ಸುಕುಮಾ ವಿಕಿ’ ಎಂಬ ಸೊಪ್ಪಿನ ಪಲ್ಯ. ಆ ಹೆಸರಿನ ಅರ್ಥ ‘ವಾರವನ್ನು ತಳ್ಳು’ ಎಂದು. ಕಾಸು ಮುಗಿದ ಮನೆಯನ್ನು ಸಂಬಳದ ದಿನದವರೆಗೆ ದಾಟಿಸುವ ಸೊಪ್ಪು ಅದು. ಇಂಥ ಸೊಪ್ಪು ಯಾವ ಊರಿನ ಗೃಹಿಣಿಗೆ ಗೊತ್ತಿಲ್ಲ!

ಬೀಬಿಯರು ಬರೀ ಅಡುಗೆ ಮಾಡುವುದಿಲ್ಲ. ಯಾವ ಮಣ್ಣಿಗೆ ಯಾವ ಕಾಳು, ಯಾವ ಮೋಡಕ್ಕೆ ಬಿತ್ತನೆ, ಯಾವ ಸೊಪ್ಪು ತಿನ್ನಬಹುದು ಎಂಬುದನ್ನು ಮಕ್ಕಳು ಅವರಿಂದ ಕಲಿಯುತ್ತಾರೆ. ತಾಯಿ-ತಂದೆಯ ಜೊತೆ ಮಣ್ಣಾಗಿ ಹೋಗಬೇಕಾಗಿದ್ದ ಭಾಷೆ, ಕತೆ, ಕಸುಬು ಒಂದು ತಲೆಮಾರನ್ನು ಹಾರಿ ಅಜ್ಜಿಯಿಂದ ಮೊಮ್ಮಗಳಿಗೆ ಸಿಗುತ್ತದೆ. ಸಂಜೆ ಅಂಗಳದಲ್ಲಿ ಕೂತು ಅವರು ಹೆಣೆಯುವ ಕತ್ತಾಳೆ ನಾರಿನ ಬುಟ್ಟಿಗಳು ಮಾರಾಟಕ್ಕೂ ಹೋಗುತ್ತವೆ.

ಮರಳಿನಡಿಯ ನೀರು

ಅನ್ನ ಬೆಳೆಯಬೇಕಾದರೆ ಮೊದಲು ನೀರು ಬೇಕು. ಕಿಟುಯಿಯಲ್ಲಿ ಮಳೆ ವರ್ಷಕ್ಕೆ ಎರಡು ಸಲ, ಮಾರ್ಚ್‌ನಿಂದ ಮೇ ಮತ್ತು ಅಕ್ಟೋಬರ್‌ನಿಂದ ಡಿಸೆಂಬರ್. ಬಂದರೆ ಬಂತು, ಇಲ್ಲವಾದರೆ ಇಲ್ಲ. ಬಂದ ಮಳೆಯೂ ಕೆಲವೇ ದಿನಗಳಲ್ಲಿ ಕೆಂಪು ಹೊಳೆಯಾಗಿ ಹರಿದು ಹೋಗುತ್ತದೆ.

ಇದಕ್ಕೆ ಈ ಸೀಮೆಯ ಜನ ಹೂಡಿರುವ ಉಪಾಯ ‘ಮರಳು ಅಣೆಕಟ್ಟು’. ಹೊಳೆಯ ತಳದ ಬಂಡೆಯ ಮೇಲೆ ಅಡ್ಡಲಾಗಿ ಒಂದು ಗೋಡೆ ಕಟ್ಟುತ್ತಾರೆ. ಮಳೆಗಾಲದಲ್ಲಿ ಹರಿದು ಬರುವ ಮರಳು ಅದರ ಹಿಂದೆ ತುಂಬಿಕೊಳ್ಳುತ್ತದೆ. ನೋಡಿದವರಿಗೆ ಹೂಳು ತುಂಬಿ ಹಾಳಾದ ಅಣೆಕಟ್ಟು! ಆದರೆ ಮರಳಿನ ಕಣಗಳ ನಡುವಿನ ಸಂದಿಗಳಲ್ಲಿ ನೀರು ಉಳಿದಿರುತ್ತದೆ. ಮೇಲಿನ ಮರಳೇ ಮುಚ್ಚಳವಾಗುವುದರಿಂದ ಬಿಸಿಲಿಗೆ ಅಷ್ಟಾಗಿ ಆರುವುದಿಲ್ಲ, ಸೊಳ್ಳೆ ಮೊಟ್ಟೆ ಇಡುವುದಿಲ್ಲ, ಸೋಸಿಯೂ ಬರುತ್ತದೆ. ಬೇಸಿಗೆಯಲ್ಲಿ ಅಲ್ಲಿ ಬಾವಿ ತೋಡಿದರೆ, ಕೈಪಂಪು ಹಾಕಿದರೆ ನೀರು. ಕಿಟುಯಿಯಲ್ಲಿ ಇಂಥ ನೂರಾರು ಅಣೆಗಳಿವೆ. ನ್ಯುಂಬಾನಿ ಗ್ರಾಮವೂ ಇದನ್ನೇ ನೆಚ್ಚಿಕೊಂಡಿದೆ. ಅದರ ಮೇಲೆ ಹನಿ ನೀರಾವರಿ, ತರಕಾರಿ ತೋಟ, ಅಲಸಂದೆ, ಹೆಸರು, ತೊಗರಿಯಂಥ ಬರ ತಡೆಯುವ ಕಾಳುಗಳು. ಮನೆಗಳ ಗೋಡೆಗೂ ಅಲ್ಲಿಯದೇ ಮಣ್ಣನ್ನು ಒತ್ತಿ ಮಾಡಿದ ಇಟ್ಟಿಗೆ.

ಹೆಬ್ಬೇವಿನ ಸೋದರಿ

ಕಾಳು, ತರಕಾರಿ ಹೊಟ್ಟೆ ತುಂಬಿಸಿಯಾವು. ಆದರೆ ಶಿಕ್ಷಕರ ಸಂಬಳ, ಪಂಪಿನ ದುರಸ್ತಿ, ಪುಸ್ತಕ, ಔಷಧಿ, ಮುಂದಿನ ಓದಿನ ಶುಲ್ಕ ಇವೆಲ್ಲಕ್ಕೂ ನಗದೇ ಬೇಕು. ಮನೆ ನಡೆಸುವ ಹೆಂಗಸರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಿ ಮನೆಯ ಗದ್ದೆಯದೇ ಇರಬಹುದು, ಆದರೆ ಶಾಲೆಯ ಫೀಸನ್ನು ಅಕ್ಕಿಯಲ್ಲಿ ಕಟ್ಟಲಾಗುವುದಿಲ್ಲ.

ಅದಕ್ಕಾಗಿ ಗ್ರಾಮ ನೆಚ್ಚಿದ್ದು ಒಂದು ಮರವನ್ನು. ಕಾಂಬಾ ಭಾಷೆಯಲ್ಲಿ ಅದರ ಹೆಸರು ಮುಕಾವು. ನಮ್ಮ ರೈತರು ಹೊಲದ ಬದುವಿನಲ್ಲಿ ನೆಡುವ ಹೆಬ್ಬೇವಿನ ಸೋದರಿ ಅದು. ಎರಡೂ ಬೇವಿನ ಕುಲದವು. ಪೂರ್ವ ಆಫ್ರಿಕಾದ ಒಣ ನೆಲದಲ್ಲೇ ಹುಟ್ಟಿದ ಮರವಾದ್ದರಿಂದ ಬರ ಅದಕ್ಕೆ ಹೊಸತಲ್ಲ. ಮರಮುಟ್ಟಿಗೆ ಗೆದ್ದಲು ಹತ್ತುವುದಿಲ್ಲ, ಮಹಾಗನಿಯ ಸಾಲಿನಲ್ಲಿ ನಿಲ್ಲುವ ಬೆಲೆ. ಬೇಸಿಗೆಯಲ್ಲಿ ಎಲೆ ಆಡಿಗೆ ಮೇವು. ಆದರೆ ಬೀಜ ಮೊಳೆಸುವುದೇ ಕಷ್ಟ. ಗಟ್ಟಿ ಓಟೆಯನ್ನು ಒಡೆದು, ಒಳಗಿನ ಬೀಜದ ಸಿಪ್ಪೆಗೆ ಮೆಲ್ಲಗೆ ಗೀರು ಹಾಕಿ ಬಿತ್ತಬೇಕು. ತಾಳ್ಮೆಯ ಕೈಗಳ ಕೆಲಸ. 10ರಿಂದ 15 ವರ್ಷಕ್ಕೆ ಮರ ಕೊಯ್ಲಿಗೆ ಬರುತ್ತದೆ. ಗ್ರಾಮದ ಜಾಗದಲ್ಲಿ ಇವನ್ನು ಸಾವಿರಗಟ್ಟಲೆ ನೆಟ್ಟಿದ್ದಾರೆ. ಒಂದು ಕಡೆ ಕಡಿಯುತ್ತಾ ಇನ್ನೊಂದು ಕಡೆ ನೆಡುತ್ತಾ ಹೋದರೆ ಅದು ಮುಗಿಯದ ಉಳಿತಾಯ ಖಾತೆ.

ಸ್ವಾಹಿಲಿಯಲ್ಲಿ ‘ವಕ್ಫು’ ಎಂಬ ಪದವೂ ಇದೆ. ಮೂಲವನ್ನು ಮುಟ್ಟದೆ, ಅದರ ಫಲವನ್ನು ಮಾತ್ರ ಸತ್ಕಾರ್ಯಕ್ಕೆ ಬಳಸುವ ಆಸ್ತಿ. ಈ ಗ್ರಾಮವನ್ನು ಕಟ್ಟಿದವರು ಬೇರೆ ಧರ್ಮದವರು. ಆದರೂ ಆ ಮರಗಳ ತೋಪನ್ನು ನೋಡಿದರೆ ನಮಗೆ ಮೊದಲು ನೆನಪಾಗುವುದು ಆ ಪದವೇ.

ಇನ್ನೂ ಮುಗಿಯದ ಲೆಕ್ಕ

ಹಾಗಾದರೆ ಊರು ಪೂರ್ತಿ ತನ್ನ ಕಾಲ ಮೇಲೆ ನಿಂತಿತೇ? ನಿಂತಿತೆಂದು ಹೇಳಿದರೆ ಅತಿಶಯೋಕ್ತಿಯಾದೀತು. 2020ರ ಕೊನೆಯಿಂದ 2022ರವರೆಗೆ ಪೂರ್ವ ಆಫ್ರಿಕಾದಲ್ಲಿ ಸಾಲಾಗಿ ಐದು ಮಳೆಗಾಲಗಳು ಕೈಕೊಟ್ಟವು. ಅಂಥ ಬರದಲ್ಲಿ ಜೋಳದ ಹೊಲ ಒಣಗಿದರೆ ಯಾವ ಯೋಜನೆಯೂ ಅದನ್ನು ಹಸಿರಾಗಿಸಲಾರದು. ದಾನಿಗಳ ನೆರವು ಇಂದಿಗೂ ಬೇಕು. ಆ ನೆರವು ಎಷ್ಟು ತೆಳುವಾದ ಹಗ್ಗ ಎಂಬುದು 2025ರ ಆರಂಭದಲ್ಲಿ ಕಂಡಿತು. ಅಮೆರಿಕ ಸರಕಾರ ವಿದೇಶಿ ನೆರವನ್ನು ಹಠಾತ್ತನೆ ತಡೆಹಿಡಿದಾಗ ನೈರೋಬಿಯ ನ್ಯುಂಬಾನಿ ಮನೆಯ ಸೋಂಕಿತ ಮಕ್ಕಳ ಔಷಧಿಯೇ ನಿಂತುಹೋಗುವ ಆತಂಕ ಎದುರಾಯಿತು. ಎಲ್ಲೋ ದೂರದ ಕಚೇರಿಯಲ್ಲಿ ಬಿದ್ದ ಒಂದು ಸಹಿ, ಇಲ್ಲಿ ಮಗುವಿನ ಮಾತ್ರೆಯ ಡಬ್ಬಿಯವರೆಗೆ ಬಂದು ಮುಟ್ಟಿತು.

ಇನ್ನೊಂದು ಪ್ರಶ್ನೆಯೂ ಇದೆ. ಅನಾಥಾಲಯಗಳನ್ನು ಕಡಿಮೆ ಮಾಡಿ ಮಕ್ಕಳನ್ನು ಬಂಧುಗಳ, ಸಾಕು ಕುಟುಂಬಗಳ ಮಡಿಲಿಗೆ ಮರಳಿಸಬೇಕೆಂಬ ಹತ್ತು ವರ್ಷಗಳ ಯೋಜನೆಯನ್ನು ಕೀನ್ಯಾ ಸರಕಾರ 2022ರಲ್ಲಿ ಪ್ರಕಟಿಸಿದೆ. ಅದು ಸರಿಯಾದ ದಾರಿಯೇ. ಮಗುವಿಗೆ ಕಟ್ಟಡಕ್ಕಿಂತ ಮನೆ ಮುಖ್ಯ. ಆದರೆ ಬಂಧುವೆಂದರೆ ಎಪ್ಪತ್ತರ ಅಜ್ಜಿಯೊಬ್ಬಳೇ ಆಗಿದ್ದರೆ, ಅವಳ ಹಟ್ಟಿಯಲ್ಲಿ ಒಂದು ಹಿಡಿ ಹಿಟ್ಟೂ ಇಲ್ಲದಿದ್ದರೆ? ಆಗ ಅಜ್ಜಿಯನ್ನೂ ಮಕ್ಕಳನ್ನೂ ಬೇರ್ಪಡಿಸದೆ ಒಟ್ಟಿಗೆ ಎತ್ತಿಕೊಳ್ಳಬೇಕು ಎಂಬುದೇ ಕಿಟುಯಿಯ ಉತ್ತರ.

ನಮ್ಮಲ್ಲೂ ಯತೀಂಖಾನಗಳಿವೆ, ಅವುಗಳ ರಶೀದಿ ಪುಸ್ತಕ ನಮ್ಮ ಮನೆಬಾಗಿಲಿಗೂ ಬರುತ್ತದೆ. ಒಂದು ದಿನದ ಊಟದ ವೆಚ್ಚ ಕೊಟ್ಟು ನಾವು ಸಮಾಧಾನ ಪಡುತ್ತೇವೆ. ಖಂಡಿತ ಕೊಡೋಣ, ಮಕ್ಕಳ ಹಸಿವು ಮರ ಬೆಳೆಯುವವರೆಗೆ ಕಾಯುವುದಿಲ್ಲ. ಜೊತೆಗೆ ಎರಡು ಮಾತು ಕೇಳಿ ನೋಡೋಣ. ಆ ಮನೆಗೆ ಸ್ವಂತದ್ದೊಂದು ಬಾವಿ, ತೋಟ, ನಾಲ್ಕು ತೆಂಗು, ಒಂದು ಹೊಲಿಗೆ ಘಟಕ ಏನಾದರೂ ಇದೆಯೇ? ಇಲ್ಲದಿದ್ದರೆ ನಮ್ಮ ಹಣದ ಒಂದು ಪಾಲು ಅದಕ್ಕೆ ಹೋಗಬಹುದೇ? ಮತ್ತೆ, ರಾತ್ರಿ ಮಗು ಬೆಚ್ಚಿ ಎದ್ದರೆ ಯಾರ ಹೆಸರು ಹಿಡಿದು ಕೂಗುತ್ತದೆ? ಕಿಟುಯಿಯ ಮಗುವಿಗೆ ಕೂಗಲು ಒಬ್ಬ ಬೀಬಿ ಇದ್ದಾಳೆ. ಇಲ್ಲಿನ ಮಗುವಿಗೂ ಅಂಥವರೊಬ್ಬರು ಇರಬೇಕು ಎಂದು ಕೇಳುವ ಹಕ್ಕು ಪ್ರತಿಯೊಬ್ಬ ದಾನಿಗೂ ಇದೆ.