ಬರಹವೂ ಕಾವಲೂ

ಕಟ್ಟಿದವನಿಗೆ ಸಲ್ಲುವ ಕೀರ್ತಿಯು ಕಾಯುವವನಿಗೆ ಸಲ್ಲುವುದಿಲ್ಲ. ಕಟ್ಟಿದ ಬಗೆಯನ್ನು ಬರೆದಿಟ್ಟವನ ಹೆಸರಂತೂ ಉಳಿಯುವುದೇ ಅಪರೂಪ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಇದಕ್ಕೊಂದು ಸೊಗಸಾದ ಅಪವಾದವುಂಟು. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳ ಬಂಡೆಗಳ ಮೇಲಿನ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತಂದರು. ಸುವರ್ಣಗಿರಿಯಿಂದ ಇಸಿಲದ ಮಹಾಮಾತ್ರರಿಗೆ ಬಂದ ಆಜ್ಞೆಯದು. ಅದನ್ನು ಬರೆದ ಲಿಪಿಕಾರನಾದ ಚಪಡನು ಕೊನೆಯಲ್ಲಿ ತನ್ನ ಹೆಸರನ್ನೂ ಸೇರಿಸಿದ್ದಾನೆ. ಮಾತು ಎಲ್ಲಿಂದ ಹೊರಟಿತು, ಯಾರನ್ನು ಸೇರಬೇಕು, ಬರೆದವರಾರು ಎಂಬುದೆಲ್ಲವೂ ಅಲ್ಲಿದೆ. ಇಂದಿನ ತಂತ್ರಾಂಶವನ್ನು ಕಟ್ಟುವವರಿಗೆ ಬೇಕಾದುದೂ ಇದೇ ಅಲ್ಲವೆ?

ಮೊದಲು ತಂತ್ರಾಂಶವೆಂದರೆ ಒಂದೇ ದೊಡ್ಡ ಮನೆ. ಈಗ ಅದು ಸಣ್ಣ ಮನೆಗಳ ಒಂದು ಕೇರಿ. ಊರಿಗೆ ಹೋಗಲು ಫೋನಿನಲ್ಲಿ ಟಿಕೆಟ್ಟು ಕೊಳ್ಳುವಾಗ ಹೆಸರನ್ನು ಪರೀಕ್ಷಿಸುವುದು ಒಂದು ಮನೆ, ಆಸನವನ್ನು ಹುಡುಕುವುದು ಇನ್ನೊಂದು, ಹಣವನ್ನು ಪಡೆಯುವುದು ಮತ್ತೊಂದು. ಒಂದರ ಬಾಗಿಲು ಮುಚ್ಚಿದರೆ ಉಳಿದವು ಕಾಯುತ್ತ ನಿಲ್ಲುತ್ತವೆ. ಆದುದರಿಂದ ಯಾವ ಮನೆಗೆ ಯಾವುದರೊಡನೆ ವ್ಯವಹಾರ ಎಂಬ ನಕ್ಷೆ ಬೇಕು. ಆದರೆ ಕೇರಿ ಬೆಳೆಯುತ್ತಲೇ ಇರುತ್ತದೆ. ನಕ್ಷೆ ಮಾತ್ರ ಮೊದಲ ದಿನದಂತೆಯೇ ಗೋಡೆಯ ಮೇಲಿರುತ್ತದೆ. ಹಳತಾದ ನಕ್ಷೆಯು ದಾರಿಯನ್ನು ತೋರಿಸುವುದಿಲ್ಲ, ತಪ್ಪಿಸುತ್ತದೆ.

ರೇಷ್ಮೆ ಸೀರೆಗೆ ಹೆಸರಾದ ಮೊಳಕಾಲ್ಮೂರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ. ಫ್ರಾನ್ಸಿನ ಜಕಾರ್ಡನು 1804ರಲ್ಲಿ ರೂಪಿಸಿದ ಮಗ್ಗದಲ್ಲಿ ಚಿತ್ತಾರವೆಲ್ಲ ತೂತುಗಳುಳ್ಳ ರಟ್ಟುಗಳಲ್ಲಿರುತ್ತದೆ. ಚಾರ್ಲ್ಸ್ ಬ್ಯಾಬೇಜನು ತನ್ನ ಗಣನಯಂತ್ರದ ಕಲ್ಪನೆಗೆ ಆ ರಟ್ಟನ್ನೇ ಎರವಲು ಪಡೆದನು. ಹಾಗೆ ನೋಡಿದರೆ ಮಗ್ಗವು ಗಣಕದ ಹಿರಿಯಕ್ಕ. ಆದರೂ ಹಾಸಿನ ಎಳೆಯೊಂದು ತುಂಡಾದರೆ ರಟ್ಟಿಗೆ ಅದು ತಿಳಿಯದು. ನೇಕಾರನ ಕಣ್ಣಿಗೆ ತಿಳಿಯಬೇಕು. ಕಣ್ಣು ತಪ್ಪಿದರೆ ಲಾಳಿ ಓಡುತ್ತಲೇ ಇರುತ್ತದೆ, ದೋಷವೂ ಸೀರೆಯುದ್ದಕ್ಕೂ ಸಾಗುತ್ತದೆ. ಬರಹವಿದ್ದ ಮಾತ್ರಕ್ಕೆ ಕಾವಲು ತಪ್ಪಿದ್ದಲ್ಲ.

ಕಾವಲೆಂಬ ಮಾತು ಚಳ್ಳಕೆರೆಗೆ ಹೊಸದೇನಲ್ಲ. ಅಮೃತಮಹಲ್ ದನಗಳ ಹುಲ್ಲುಗಾವಲುಗಳಿಗೆ ಆ ಸೀಮೆಯಲ್ಲಿ ಅದೇ ಹೆಸರು. ಅಲ್ಲಿ 2017ರಲ್ಲಿ ವೈಮಾನಿಕ ಪರೀಕ್ಷಾ ವಲಯವು ಉದ್ಘಾಟನೆಗೊಂಡಿತು. 2023ರ ಏಪ್ರಿಲ್ 2ರಂದು ಇಸ್ರೋದ ರೆಕ್ಕೆಯುಳ್ಳ ವಾಹನವನ್ನು ಹೆಲಿಕಾಪ್ಟರೊಂದು ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದಿತು. ಸ್ಥಾನ, ವೇಗ, ಎತ್ತರ ಮೊದಲಾದ ಹತ್ತು ನಿಬಂಧನೆಗಳು ಕೂಡಿಬಂದ ಮೇಲೆಯೇ ಅದು ತಾನಾಗಿ ಕಳಚಿಕೊಂಡು, ತಾನಾಗಿಯೇ ಓಡುದಾರಿಯ ಮೇಲಿಳಿಯಿತು. 2024ರ ಮಾರ್ಚ್ ಮತ್ತು ಜೂನ್ ತಿಂಗಳುಗಳಲ್ಲಿ ‘ಪುಷ್ಪಕ’ವು ಆ ಸಾಹಸವನ್ನು ಇನ್ನಷ್ಟು ಕಠಿಣವಾಗಿ ನಡೆಸಿತು, ಮಾರ್ಚಿಯಲ್ಲಿ ಹಾರಿದ ಒಡಲೇ ಜೂನಿನಲ್ಲಿಯೂ ಹಾರಿತು. ಹತ್ತು ನಿಬಂಧನೆಗಳನ್ನು ಮುಂಚಿತವಾಗಿ ಬರೆದಿಟ್ಟುದು ಬರಹ; ಆ ಕ್ಷಣದಲ್ಲಿ ಅವನ್ನು ಅಳೆದು ನೋಡಿದುದು ಕಾವಲು. ಒಂದಿಲ್ಲದೆ ಇನ್ನೊಂದು ಕುರುಡು.

ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ನಡುರಾತ್ರಿ ಫೋನು ಕೂಗಿಕೊಳ್ಳುತ್ತದೆ. ಮಗಳೋ ಅಳಿಯನೋ ಎದ್ದು ಗಣಕದ ಮುಂದೆ ಕೂರುತ್ತಾರೆ. ತಾಯಿ ಅಡಿಗೆಮನೆಯ ದೀಪವನ್ನು ಹಾಕುತ್ತಾಳೆ. ಎಲ್ಲಿಯೋ ಒಂದು ಎಳೆ ತುಂಡಾಗಿದೆ ಎಂದು ಯಂತ್ರವು ಕೂಗಿ ಹೇಳಿದೆ. ಯಾವ ಎಳೆಯೆಂಬುದನ್ನು ಹೇಳಬೇಕಾದ ಬರಹವಿಲ್ಲ. ಅದನ್ನು ಬಲ್ಲವನು ಕೆಲಸ ಬಿಟ್ಟು ಹೋಗಿ ವರ್ಷವಾಗಿರುತ್ತದೆ. ಹಗಲು ಒಬ್ಬನು ಉಳಿಸಿಕೊಂಡ ಅರ್ಧ ಗಂಟೆಯ ಶ್ರಮಕ್ಕೆ ಇನ್ನೊಬ್ಬರ ನಿದ್ರೆ ತೆರಿಗೆಯಾಗುತ್ತದೆ.

ಬರೆದಿಡುವುದು ಮುಂದೆ ಬರುವವರ ಮೇಲಿನ ಕರುಣೆ. ಕಾಯುವುದು ನಂಬಿದವರ ಮೇಲಿನ ಕರ್ತವ್ಯ. ಚಪಡನಿಗೆ ಕಲ್ಲನ್ನು ಕೊರೆಯಬೇಕಾಗಿತ್ತು. ಇಂದಿನವರಿಗೆ ನಾಲ್ಕು ಸಾಲು ಬೆರಳಚ್ಚು ಮಾಡಿದರೆ ಸಾಕು.